ಇನ್ನೂ ಪರೀಕ್ಷಿಸದ್ದು ಬೇರೆ, ಪರೀಕ್ಷಿಸಲಾಗದ್ದು ಬೇರೆ

ಭೌತವಿಜ್ಞಾನದ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೂ ಎದ್ದು ನಿಂತು ಕೇಳುತ್ತಾರೆ: 'ಸ್ಟ್ರಿಂಗ್ ಥಿಯರಿಯನ್ನು ಪರೀಕ್ಷಿಸುವುದಕ್ಕೇ ಆಗಲ್ವಂತೆ ಸರ್, ಹಾಗಾದರೆ ಅದು ವಿಜ್ಞಾನವೇ ಅಲ್ಲ ತಾನೇ?' ಕಣಗಳೆಲ್ಲ ಮೂಲದಲ್ಲಿ ಕಂಪಿಸುವ ಅತಿ ಸಣ್ಣ ಎಳೆಗಳು ಎನ್ನುವ ಸಿದ್ಧಾಂತ ಅದು. ಹೌದು, ಇಲ್ಲ ಎಂದು ಒಂದೇ ಮಾತಲ್ಲಿ ಮುಗಿಸಲಿ ಎಂಬ ನಿರೀಕ್ಷೆ ಬೇರೆ. ಎರಡು ಸಂಗತಿಗಳನ್ನು ಕಲಸಿಕೊಂಡು ಕೇಳಿದ ಪ್ರಶ್ನೆಗೆ ಹಾಗೆ ಉತ್ತರ ಕೊಡುವುದು ಹೇಗೆ?

ಇವತ್ತಿನ ಉಪಕರಣಗಳ ಕೈಗೆ ಎಟುಕದ್ದು ಒಂದು. ಯಾವ ಫಲಿತಾಂಶ ಬಂದರೂ ಸೋಲದಂತೆ ಕಟ್ಟಿಕೊಂಡದ್ದು ಇನ್ನೊಂದು.

ಯಾವುದರ ಜೊತೆಗೂ ಹೆಚ್ಚುಕಡಿಮೆ ತಾಕದೆ ಹಾದುಹೋಗುವ ನ್ಯೂಟ್ರಿನೊ ಎಂಬ ಕಣವನ್ನು 1930ರಲ್ಲಿ ಊಹಿಸಿದ ಭೌತವಿಜ್ಞಾನಿ ಪೌಲಿಗೇ ಅದು ಕಣ್ಣಿಗೆ ಬೀಳುವ ಭರವಸೆ ಇರಲಿಲ್ಲ. 1956ರಲ್ಲಿ ಪರಮಾಣು ರಿಯಾಕ್ಟರಿನ ಬಳಿ ಸಿಕ್ಕಿತು. 1916ರಲ್ಲಿ ಐನ್‌ಸ್ಟೈನ್ ಊಹಿಸಿದ ಗುರುತ್ವದ ಅಲೆಗಳು ಪತ್ತೆಯಾಗಲು 2015ರವರೆಗೆ ಕಾದವು. ಸ್ಟ್ರಿಂಗ್‌ಗಳು ಪ್ಲಾಂಕ್ ಅಳತೆಯವಾದರೆ, ಅಂದರೆ ಪ್ರೋಟಾನಿಗಿಂತಲೂ ಊಹೆಗೆ ಮೀರಿ ಚಿಕ್ಕವಾದರೆ, ಅವನ್ನು ನೇರವಾಗಿ ನೋಡಲು ಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ಯಂತ್ರ, ಕೊಲೈಡರ್, ಮುಟ್ಟಿರುವ ಶಕ್ತಿಯ ಸುಮಾರು 1ರ ಮುಂದೆ 15 ಸೊನ್ನೆ ಇಟ್ಟಷ್ಟು ಪಟ್ಟು ಬೇಕು. ಕಷ್ಟ, ನಿಜ. ಆದರೆ ಕಷ್ಟವೆಂಬುದು ಸಿದ್ಧಾಂತದ ಅಪರಾಧವಲ್ಲ.

ಸೋಲುವ ಧೈರ್ಯ ತೋರಿದ ಸಿದ್ಧಾಂತವೂ ಇದೆ. ಗುರುತ್ವ ಬಿಟ್ಟು ಉಳಿದ ಮೂಲಬಲಗಳನ್ನು ಒಂದೇ ಬಲವಾಗಿ ಕಾಣಲು ಭೌತವಿಜ್ಞಾನಿಗಳಾದ ಜಾರ್ಜಿ ಮತ್ತು ಗ್ಲಾಶೋ 1974ರಲ್ಲಿ ಮಂಡಿಸಿದ ಏಕೀಕರಣ ಸಿದ್ಧಾಂತದ ಮೇಲೆ ನನಗೆ ಇಂದಿಗೂ ಪ್ರೀತಿ. ಪ್ರೋಟಾನ್ ಕೂಡ ಒಡೆಯುತ್ತದೆ, ಸರಾಸರಿ ಇಷ್ಟು ಕಾಲದಲ್ಲಿ ಎಂದು ಅದು ಲೆಕ್ಕ ಕೊಟ್ಟಿತು. ನೆಲದಡಿ ಸಾವಿರಾರು ಟನ್ ನೀರು ತುಂಬಿಸಿ, ಅದರೊಳಗಿನ ಪ್ರೋಟಾನ್ ಒಡೆಯುವುದನ್ನೇ ಕಾದರು. ಒಡೆದದ್ದು ಕಾಣಲಿಲ್ಲ. 1980ರ ದಶಕದಲ್ಲೇ ಅದರ ಸರಳ ರೂಪ ಬಿದ್ದುಹೋಯಿತು. ಎಂಥ ಅಂದದ ಗಣಿತವಿತ್ತು ಅದರಲ್ಲಿ!

ಗೊತ್ತಿರುವ ಪ್ರತಿ ಕಣಕ್ಕೂ ಒಂದು ಜೋಡಿ ಕಣ ಇರಬೇಕು ಎನ್ನುವ ಸೂಪರ್‌ಸಿಮೆಟ್ರಿಯ ಕಥೆ ಬೇರೆ. ಆ ಜೋಡಿ ಕಣಗಳು ಕಾಣದಿದ್ದಾಗಲೆಲ್ಲ 'ಇನ್ನೂ ಭಾರವಿರಬೇಕು' ಎಂಬ ಉತ್ತರ ಬಂತು. ಒಂದೆರಡು ಸಲ ಹಾಗೆ ತಿದ್ದಿಕೊಳ್ಳುವುದು ತಪ್ಪಲ್ಲ, ನಾವೆಲ್ಲ ಮಾಡುತ್ತೇವೆ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಹೇಳದಿದ್ದರೆ ಮಾತ್ರ ತೊಂದರೆ. ಈ ಕ್ಷೇತ್ರದಲ್ಲೇ ಪಿಎಚ್‌ಡಿ ಮಾಡಲೇ ಎಂದು ಕೇಳಿದ ಹುಡುಗಿಗೆ, 'ಏನು ಕಂಡರೆ ಈ ಮಾದರಿಯನ್ನು ಬಿಡುತ್ತೀರಿ ಅಂತ ನಿನ್ನ ಗೈಡ್‌ನ ಕೇಳಮ್ಮ' ಎಂದಿದ್ದೆ. ಕೇಳಿದಳು. ಅವರು ತುಸು ಯೋಚಿಸಿ ಒಂದು ಮಿತಿ ಹೇಳಿದರಂತೆ; ಧೈರ್ಯವಾಗಿ ಸೇರಿಕೊಂಡಳು.

ನಮ್ಮದಲ್ಲದೆ ಬೇರೆ ವಿಶ್ವಗಳೂ ಇವೆ ಎನ್ನುವ ಬಹುವಿಶ್ವದ ವಾದಕ್ಕೆ ಅಂಥ ಮಿತಿಯನ್ನು ಹುಡುಕುವುದು ಬಹಳ ಕಷ್ಟ. 2014ರಲ್ಲಿ ವಿಶ್ವವಿಜ್ಞಾನಿಗಳಾದ ಎಲ್ಲಿಸ್ ಮತ್ತು ಸಿಲ್ಕ್ 'ನೇಚರ್' ಪತ್ರಿಕೆಯಲ್ಲಿ ಎಚ್ಚರಿಸಿದ್ದು ಇಂಥದ್ದರ ಬಗ್ಗೆಯೇ. ಬೇರೆ ಪರ್ಯಾಯ ಸಿಗದಿರುವುದೂ ಸಿದ್ಧಾಂತವನ್ನು ನಂಬಲು ಒಂದು ಕಾರಣ ಎನ್ನುತ್ತಾರೆ ತತ್ತ್ವಜ್ಞ ರಿಚರ್ಡ್ ಡಾವಿಡ್. ಅದರ ಮೇಲೆ ಕೆಲಸ ಮುಂದುವರಿಸಲು ಅಷ್ಟು ಸಾಕು ಎಂದರೆ ಒಪ್ಪುತ್ತೇನೆ. ಪುರಾವೆಯ ಜಾಗದಲ್ಲಿ ಅದನ್ನು ಕೂರಿಸಲು ಮಾತ್ರ ನಾನು ಒಪ್ಪಲಾರೆ.