ರೇಸಿಸಂ ಅಂದ್ರೆ ಬರೀ ಬಣ್ಣದ ಮಾತಲ್ಲ

ರೇಸಿಸಂಗೆ ಪೇಪರ್‌ನಲ್ಲಿ ವರ್ಣಭೇದ ಅಂತ ಬರೀತಾರೆ, ಜನಾಂಗೀಯ ತಾರತಮ್ಯ ಅಂತಲೂ ಬರೀತಾರೆ, ನಂಗೆ ಎರಡನೇದೇ ಸರಿ ಅನ್ಸತ್ತೆ. ವರ್ಣಭೇದ ಅಂದ ತಕ್ಷಣ ದಕ್ಷಿಣ ಆಫ್ರಿಕಾ, ಮಂಡೇಲಾ, ಗಾಂಧೀಜಿನ ರೈಲಿಂದ ಇಳಿಸಿದ್ದು ನೆನಪಾಗತ್ತೆ, ಅದೆಲ್ಲ ಬಿಳಿಯರು ಮಾಡೋದು, ನಮ್ಮೂರಿಗೆ ಸಂಬಂಧ ಇಲ್ಲ ಅನ್ಕೊಂಡು ಸುಮ್ನಾಗ್ತೀವಿ. ಆದ್ರೆ ಒಬ್ಬರ ಮುಖ, ಕೂದಲು, ಮೈಬಣ್ಣ ನೋಡಿ ಇವರು ಎಲ್ಲಿಯವರು, ಇವರ ಬುದ್ಧಿ ಎಷ್ಟು, ಇವರ ಕೈಲಿ ಏನಾಗತ್ತೆ ಅಂತ ನಾವೇ ತೀರ್ಮಾನ ಮಾಡಿಬಿಡ್ತೀವಲ್ಲ, ಅದೂ ರೇಸಿಸಮ್ಮೇ.

ನಾನು ಯಲ್ಲಾಪುರದ ಕಡೆಯವಳು. ನಮ್ಮಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದ್ರು, ಇವರು ಅವರ ವಂಶದವರು, ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಎಸ್‌ಟಿ ಪಟ್ಟಿಗೆ ಸೇರಿದ್ದು 2003ರಲ್ಲಿ, ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ.

ಒಂದ್ಸಲ ಹುಬ್ಬಳ್ಳಿಯಿಂದ ಬಸ್ಸಲ್ಲಿ ಬರ್ತಿದ್ವಿ, ಪಕ್ಕದಲ್ಲಿ ನನ್ ಸಿದ್ದಿ ಗೆಳತಿ. ಎದುರು ಸೀಟಿನವ್ರು ಅವಳನ್ನ ಕೇಳ್ಲಿಲ್ಲ, ನನ್ನ ಕೇಳಿದ್ರು, "ಇವ್ರು ಯಾವ ದೇಶದವ್ರು ರೀ?" ನಂಗೆ ಸಿಟ್ಟು ಬಂತು, "ಇವಳು ನಮ್ಮೂರವಳೇ, ಕನ್ನಡ ಚೆನ್ನಾಗ್ ಮಾತಾಡ್ತಾಳೆ" ಅಂದೆ. ಇಳಿದ ಮೇಲೆ ಅವಳು ನನ್ ಮುಖ ನೋಡಿ, "ನಂಗೆ ಬಾಯಿಲ್ವ ಮಾರಾಯ್ತಿ? ನನ್ ಕನ್ನಡಕ್ಕೆ ಸರ್ಟಿಫಿಕೇಟ್ ಕೊಡೋಕೆ ನೀನ್ಯಾರು?" ಅಂದ್ಲು. ಅವಳ ಪರ ನಿಂತೆ ಅನ್ಕೊಂಡಿದ್ದೆ, ಆದ್ರೆ ಅವ್ರೂ ನಾನೂ ಸೇರಿ ಅವಳು ಅಲ್ಲಿ ಇಲ್ವೇನೋ ಅನ್ನೋ ಹಾಗೆ ಮಾತಾಡಿದ್ವಿ.

ಹೊಗಳಿಕೇಲೂ ಇದು ಇರತ್ತೆ. 1980ರ ದಶಕದ ಕೊನೇಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ತರಬೇತಿ ಕೊಡ್ತು, ಆಫ್ರಿಕಾ ಮೂಲದವರು ಹುಟ್ಟಾ ಓಟಗಾರರು ಅನ್ನೋ ನಂಬಿಕೆ ಅದರ ಹಿಂದಿತ್ತು, 1993ರಲ್ಲಿ ಯೋಜನೆ ನಿಂತೋಯ್ತು. ಆ ಮಕ್ಕಳು ನಿಜವಾಗ್ಲೂ ಪದಕ ಗೆದ್ರು, ಬೆವರು ಸುರಿಸಿದ್ದು ಅವರು. ಆದ್ರೆ ಅದೇ ಮಾತು ಇವತ್ತಿಗೂ ಕ್ಲಾಸಲ್ಲಿ ಕೇಳ್ಸತ್ತೆ, "ನಿಂಗೆ ಓಟ ಸಾಕು ಬಿಡು", ಗಣಿತ ಬೇಕು ಅನ್ನೋ ಹುಡುಗಿಗೆ!

ಆಂಟಿ-ರೇಸಿಸಂ ಅಂದ್ರೆ "ನಾನು ಹಂಗೆಲ್ಲ ಮಾಡಲ್ಲ" ಅಂತ ಸುಮ್ನೆ ಕೂರೋದಲ್ಲ, ನಡೀತಿರೋದನ್ನ ನಿಲ್ಸೋದು. ನಾವು ಕೆಲವರು ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಈ ವಿಷಯ ಮಾತಾಡ್ತೀವಿ. ಶುರುವಲ್ಲಿ ಸಿದ್ದಿ ಮಗೂನೇ ಎಬ್ಬಿಸಿ ನಿಲ್ಸಿ "ನಿನ್ ಅನುಭವ ಹೇಳು" ಅಂತಿದ್ವಿ, ಇಡೀ ಕ್ಲಾಸು ಆ ಮಗೂನೇ ತಿರುಗಿ ನೋಡ್ತಿತ್ತು. ಈಗ ಅದನ್ನ ಬಿಟ್ಟಿದೀವಿ. ಅಡ್ಡಹೆಸರು ಇಟ್ಟವರನ್ನ, ಕೂದಲು ಮುಟ್ಟಿ ನೋಡಿದವರನ್ನ ಕೇಳ್ತೀವಿ, ಯಾಕೆ ಮುಟ್ಟಿದ್ರಿ ಅಂತ.