ಎಡಗಡೆ ಅಂದ್ರೆ ಯಾವ ಕಡೆ?

ಕಾರಿನ ಹಿಂದೆ ಎಳೆಯುವ ಮನೆಗಾಡಿ, ಹೇಳಿ ಮಾಡಿಸಿದ್ದು, ತಯಾರಾಗಿ ಶೆಡ್ಡಿನ ಹೊರಗೆ ನಿಂತಿತ್ತು. ಆರ್ಡರ್ ಕೊಟ್ಟವರು ಒಳಗೆ ಹೋದರು. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಬಾಗಿಲಿಂದ ತಲೆ ಹೊರಗೆ ಹಾಕಿ ಕೇಳಿದರು: "ನನ್ನ ಕಿಟಕಿ ಎಲ್ರೀ?"

ಕಿಟಕಿ ಇತ್ತು. ಆದರೆ ಹಾಸಿಗೆಯ ಇನ್ನೊಂದು ಪಕ್ಕದಲ್ಲಿತ್ತು, ಅವರ ಹೆಂಡತಿ ಮಲಗುವ ಕಡೆ. "ಎಡಗಡೆ ಒಂದು ಚಿಕ್ಕ ಕಿಟಕಿ ಬೇಕು, ಮಲಗಿಕೊಂಡು ಹೊರಗೆ ನೋಡೋಕೆ" ಅಂತ ಫೋನಿನಲ್ಲಿ ಹೇಳಿದ್ದರು. ಬರೆದುಕೊಂಡವನು ನಾನೇ. ನಮ್ಮ ಶೆಡ್ಡಿನಲ್ಲಿ ಎಡ ಅಂದರೆ ಗಾಡಿಯ ಹಿಂದೆ ನಿಂತು ಮುಂದಕ್ಕೆ ನೋಡಿದಾಗ ಸಿಗುವ ಎಡ. ಅವರು ಫೋನಿನಲ್ಲಿ ಮಾತಾಡುವಾಗ ಮನಸ್ಸಿನಲ್ಲೇ ಆ ಹಾಸಿಗೆಯ ಮೇಲೆ ಮಲಗಿಬಿಟ್ಟಿದ್ದರು. ತಲೆ ಗಾಡಿಯ ಮುಂಭಾಗಕ್ಕೆ, ಕಾಲು ಹಿಂದಕ್ಕೆ. ಹಾಗೆ ಮಲಗಿದರೆ ಅವರ ಎಡ ನಮ್ಮ ಬಲ. ಅವರು ಹೇಳಿದ್ದೂ ಸರಿ, ನಾನು ಬರೆದದ್ದೂ ಸರಿ. ಕಿಟಕಿ ಮಾತ್ರ ತಪ್ಪು ಜಾಗದಲ್ಲಿ.

ಟ್ರಾವೆಲ್ ಟ್ರೇಲರ್ ಅಂದರೆ ಕಾರು ಅಥವಾ ಪಿಕಪ್ಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಹಾಸಿಗೆ, ಅಡುಗೆ ಕಟ್ಟೆ, ಬಚ್ಚಲು ಎಲ್ಲಾ ಅದರೊಳಗೇ. ಸಿದ್ಧವಾಗಿ ನಿಂತಿರುವುದನ್ನು ಕೊಳ್ಳುವುದು ಒಂದು ಬಗೆ. ನಮಗೆ ಬೇಕಾದ ಹಾಗೆ ಹೇಳಿ ಮಾಡಿಸಿಕೊಳ್ಳುವುದು ಇನ್ನೊಂದು. ಈ ಎರಡನೇ ಬಗೆಯ ಆರ್ಡರ್‌ಗಳ ಮೇಜಿನಲ್ಲಿ ನಾನು ವರ್ಷಗಟ್ಟಲೆ ಕೂತಿದ್ದೇನೆ. ಒಂದು ಕಿವಿಗೆ ಗಿರಾಕಿಯ ಫೋನು, ಇನ್ನೊಂದು ಕಿವಿಗೆ ಶೆಡ್ಡಿನ ಮೇಸ್ತ್ರಿಯ ಕೂಗು. ನಾನು ಕಂಡ ಜಗಳಗಳಲ್ಲಿ ಕೆಲಸ ಕೆಟ್ಟಿದ್ದಕ್ಕೆ ಆದವು ಕಡಿಮೆ. ಮಾತು ದಾರಿಯಲ್ಲಿ ಎಲ್ಲೋ ಉದುರಿಹೋಗಿದ್ದಕ್ಕೆ ಆದವೇ ಜಾಸ್ತಿ.

ಮಾತು ಎಷ್ಟು ಕೈ ದಾಟುತ್ತೆ ನೋಡಿ. ನೀವು ಡೀಲರ್ ಹತ್ತಿರ ಇರುವ ಸೇಲ್ಸ್‌ನವರಿಗೆ ಹೇಳ್ತೀರಿ. ಅವರು ಅದನ್ನು ಕಂಪನಿಯ ಪ್ರತಿನಿಧಿಗೆ ಕಳಿಸ್ತಾರೆ. ಅಲ್ಲಿಂದ ನನ್ನಂಥವನ ಮೇಜಿಗೆ ಬರುತ್ತೆ. ನಾನು ಡ್ರಾಯಿಂಗ್ ಮಾಡುವವರಿಗೆ ಕೊಡ್ತೇನೆ. ಕೊನೆಗೆ ಎಲ್ಲವೂ ಬಿಲ್ಡ್ ಶೀಟ್ ಅನ್ನುವ ಒಂದು ಹಾಳೆಯಾಗಿ ಶೆಡ್ಡಿಗೆ ಇಳಿಯುತ್ತೆ. ಗರಗಸ ಹಿಡಿದ ಬಡಗಿ ಓದುವುದು ಆ ಹಾಳೆಯನ್ನಷ್ಟೇ. ನೀವು ಸೇಲ್ಸ್‌ನವರ ಜೊತೆ ಗಂಟೆಗಟ್ಟಲೆ ಆಡಿದ ಮಾತು ಅವನ ಕಿವಿಗೆ ಬೀಳುವುದಿಲ್ಲ.

ಹಾಗಾಗಿ ಮುಂಗಡ ಕೊಡುವ ಮೊದಲು ಆ ಹಾಳೆಯನ್ನೇ ಕೇಳಿ. ಬಣ್ಣ ಬಣ್ಣದ ಕೈಪಿಡಿ ಬೇಡ, ಬೆಲೆಪಟ್ಟಿಯೂ ಬೇಡ. ಶೆಡ್ಡಿಗೆ ಹೋಗುವ ಹಾಳೆ ಮತ್ತು ಅಳತೆ ಬರೆದ ಡ್ರಾಯಿಂಗ್. ಕೊಡೋಕೆ ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಕೇಳಿ. ಕೊಟ್ಟರೆ ಸುಮ್ನೆ ಕಣ್ಣಾಡಿಸಬೇಡಿ. ಟೇಪು ಹಿಡಿದು ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ನಿಂತು ನೋಡಿ. ಒಬ್ಬ ಗಿರಾಕಿ ಹೀಗೆ ಗೀಚಿ ನೋಡಿದ್ದಕ್ಕೇ ತಮ್ಮ ಆರಡಿ ಎರಡಿಂಚಿನ ಮಗ ಆರಡಿ ಹಾಸಿಗೆಯಲ್ಲಿ ಹಿಡಿಸಲ್ಲ ಅಂತ ಗೊತ್ತಾಯಿತು. ಆಗಿನ್ನೂ ಅದು ಕಾಗದದ ಮೇಲಿತ್ತು, ರಬ್ಬರ್ ಸಾಕಾಯಿತು.

ಎಡ ಬಲದ ಕಥೆಗೆ ನಾನು ಆಮೇಲೆ ಕಂಡುಕೊಂಡ ಉಪಾಯ ಸರಳ. ಆ ಎರಡು ಪದಗಳನ್ನೇ ಫಾರ್ಮಿನಿಂದ ತೆಗೆದುಹಾಕಿದೆ. ಈಗ "ಬಾಗಿಲಿರುವ ಕಡೆ", "ಬಾಗಿಲಿಲ್ಲದ ಕಡೆ" ಅಂತ ಬರೀತೇವೆ. ಮುಂದೆ ಅಂದರೆ ಕಾರಿಗೆ ಕೊಂಡಿ ಹಾಕುವ ತುದಿ. ಇನ್ನು "ಎತ್ತರದಲ್ಲಿ", "ಕೈಗೆಟುಕುವ ಹಾಗೆ" ಅನ್ನುವ ಮಾತು ನಡೆಯಲ್ಲ, ನೆಲದಿಂದ ಎಷ್ಟು ಇಂಚು ಅಂತ ಬೇಕು.

ಇನ್ನೊಂದು ಪದ ಇದೆ, ಅದರ ಬಗ್ಗೆ ನಮ್ಮವರ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. "ಆಗುತ್ತೆ ಸಾರ್." ಮಾರುವವರ ಬಾಯಲ್ಲಿ ಇದಕ್ಕೆ ಮೂರು ಅರ್ಥ ಇರಬಹುದು. ಮಾಡ್ತೇವೆ ಅಂತ ಒಂದು. ಮಾಡೋಕೆ ಸಾಧ್ಯ ಇದೆ, ದುಡ್ಡು ಬೇರೆ ಅಂತ ಇನ್ನೊಂದು. ನನಗೆ ಗೊತ್ತಿಲ್ಲ, ಈಗ ಆಗಲ್ಲ ಅಂದರೆ ನೀವು ಎದ್ದು ಹೋಗ್ತೀರಿ ಅಂತ ಮೂರನೆಯದು. ಕೇಳುವವರು ಯಾವಾಗಲೂ ಮೊದಲನೆಯದನ್ನೇ ಹಿಡಿದುಕೊಳ್ತಾರೆ. "ಆಗುತ್ತೆ" ಅಂದ ತಕ್ಷಣ "ಹಾಗಾದ್ರೆ ಹಾಳೆಯಲ್ಲಿ ಬರೀರಿ" ಅನ್ನಿ. ಯಾವ ಅರ್ಥ ಅಂತ ಅಲ್ಲೇ ತಿಳಿದುಬಿಡುತ್ತೆ. "ನೋಡ್ತೀನಿ" ಅನ್ನುವುದಕ್ಕೆ ಮಾತ್ರ ಒಂದೇ ಅರ್ಥ, ಅದು ನಿಮಗೂ ಗೊತ್ತು.

ಬದಲಾವಣೆ ಕೇಳುವುದಕ್ಕೂ ಒಂದು ಹೊತ್ತಿದೆ. ಮೊದಲು ಚಾಸಿ ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಅದರ ಆಕ್ಸಲ್ ಅಂದರೆ ಚಕ್ರದ ಅಚ್ಚು. ಆಮೇಲೆ ನೀರಿನ ಟ್ಯಾಂಕುಗಳು, ಅಡಿಯ ಪೈಪು, ನೆಲ. ಆಮೇಲೆ ಗೋಡೆ, ವೈರಿಂಗು, ಚಾವಣಿ. ಕೆಲವು ಕಡೆ ಗೋಡೆ ನಿಲ್ಲಿಸುವ ಮೊದಲೇ ನೆಲದ ಮೇಲೆ ಕಪಾಟು ಕೂರಿಸಿಬಿಡ್ತಾರೆ. ಕುರ್ಚಿಯ ಬಟ್ಟೆಯ ಬಣ್ಣವನ್ನು ಎಷ್ಟೋ ದಿನ ಬಿಟ್ಟು ಹೇಳಿದರೂ ನಡೆಯುತ್ತೆ, ಆಕ್ಸಲ್ ವಿಷಯ ಮೊದಲ ದಿನವೇ ಮುಗಿದಿರಬೇಕು. ಗಿರಾಕಿಗಳು ಉಲ್ಟಾ ಮಾಡ್ತಾರೆ. ಬಟ್ಟೆಯ ಬಗ್ಗೆ ವಾರಗಟ್ಟಲೆ ಮೇಲ್ ಬರುತ್ತೆ. ಗೋಡೆ ಎದ್ದ ಮೇಲೆ "ಟಿವಿ ಇಲ್ಲಿ ಬೇಡ, ಆ ಕಡೆ ಹಾಕಿ" ಅಂತ ಫೋನು ಬರುತ್ತೆ.

ಈ ಟಿವಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕೆಂದರೆ ಇದರಲ್ಲಿ ಮನಸ್ತಾಪ ಜಾಸ್ತಿ. ಅನೇಕ ಟ್ರೇಲರ್‌ಗಳ ಗೋಡೆ ಅಂದರೆ ಅಲ್ಯೂಮಿನಿಯಂ ಚೌಕಟ್ಟು, ನಡುವೆ ಫೋಮು, ಹೊರಗೆ ಫೈಬರ್ ಹಾಳೆ, ಒಳಗೆ ತೆಳು ಪ್ಲೈವುಡ್. ಎಲ್ಲವನ್ನೂ ಅಂಟು ಹಾಕಿ ಒಟ್ಟಿಗೆ ಒತ್ತಿ ಒಂದೇ ಹಲಗೆ ಮಾಡಿರ್ತಾರೆ. ಟಿವಿ ಬರುವ ಜಾಗದಲ್ಲಿ ಮಾತ್ರ ಫೋಮಿನ ಬದಲು ಗಟ್ಟಿ ಹಲಗೆಯೋ ಲೋಹದ ತಗಡೋ ಇಟ್ಟಿರ್ತಾರೆ, ಸ್ಕ್ರೂ ಹಿಡಿಯಲಿ ಅಂತ. ಗೋಡೆ ಒತ್ತಿ ಮುಗಿದ ಮೇಲೆ ಅದನ್ನು ಸರಿಸೋಕೆ ಆಗಲ್ಲ. ಬೇರೆ ಕಡೆ ಸ್ಕ್ರೂ ಹೊಡೆದರೆ ಅದು ಕೂರುವುದು ಫೋಮಿನಲ್ಲಿ. ಗಾಡಿ ರಸ್ತೆಯ ನಾಲ್ಕು ಗುಂಡಿ ಹಾರಿದರೆ ಟಿವಿ ಕೆಳಗೆ. "ನಾಲ್ಕು ಸ್ಕ್ರೂ ಹೊಡೆಯೋಕೆ ಇಷ್ಟು ರಗಳೆ ಮಾಡ್ತೀರಲ್ಲ" ಅಂತ ಬೈಸಿಕೊಂಡಿದ್ದೇನೆ. ಆಗ ಗೋಡೆಯ ತುಂಡೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳೋಕೆ ಶುರುಮಾಡಿದೆ. ಬಂದವರು ಅದರ ಫೋಮಿಗೆ ಉಗುರು ಒತ್ತಿ ನೋಡ್ತಾರೆ. ಆಮೇಲೆ ಮಾತು ಬೇಕಾಗಲ್ಲ.

ಇನ್ನು ತೂಕ. ಯಾರೂ ಕೇಳಲ್ಲ, ಕೇಳಲೇಬೇಕಾದದ್ದು ಇದು. ಒಂದು ಲೆಕ್ಕ ಹಾಕೋಣ. ಗಾಡಿ ಹೊರಬಹುದಾದ ಗರಿಷ್ಠ ಒಟ್ಟು ತೂಕ 2,700 ಕಿಲೋ ಅಂದುಕೊಳ್ಳಿ. ಕೈಪಿಡಿಯಲ್ಲಿ ಖಾಲಿ ಗಾಡಿಯ ತೂಕ 2,200 ಅಂತ ಇದೆ. ಅಬ್ಬಾ, 500 ಕಿಲೋ ಸಾಮಾನು ತುಂಬಬಹುದು ಅನ್ಸುತ್ತೆ ಅಲ್ವಾ? ಕೈಪಿಡಿಯ ತೂಕದಲ್ಲಿ ನೀವು ಮೇಲೆ ಸೇರಿಸಿದ ಯಾವುದೂ ಇರಲಿಕ್ಕಿಲ್ಲ. ಚಾವಣಿಯ ಏಸಿ ಸುಮಾರು 40 ಕಿಲೋ. ಹೊರಗೆ ಬಿಚ್ಚುವ ನೆರಳು ಬಟ್ಟೆ, ಅದರ ತೋಳು ಸೇರಿ 30. ಎರಡು ಹೆಚ್ಚುವರಿ ಲೆಡ್ ಬ್ಯಾಟರಿ 60. ಸೋಲಾರ್ ಫಲಕ, ಅದರ ಚೌಕಟ್ಟು 40. ದಪ್ಪ ಹಾಸಿಗೆ, ಓವನ್ನು ಅಂತ ಇನ್ನೊಂದು 40. ಅಲ್ಲಿಗೆ 210 ಹೋಯಿತು. 150 ಲೀಟರ್ ಟ್ಯಾಂಕಿಗೆ ನೀರು ತುಂಬಿದರೆ ಅದೇ 150 ಕಿಲೋ. ತುಂಬಿದ ಎರಡು ಚಿಕ್ಕ ಗ್ಯಾಸ್ ಸಿಲಿಂಡರ್ 35. ಉಳಿದದ್ದು 105. ಅದರಲ್ಲೇ ನಾಲ್ಕು ಜನರ ಬಟ್ಟೆ, ಪಾತ್ರೆ, ಹೊದಿಕೆ, ಮಡಚುವ ಕುರ್ಚಿ, ಜಾಕು, ಹತ್ಯಾರ.

ಅದಕ್ಕೇ ಆರ್ಡರ್ ಕೊಡುವಾಗಲೇ ಕೇಳಿ: "ನಾನು ಹೇಳಿದ್ದೆಲ್ಲ ಹಾಕಿದ ಮೇಲೆ ನನಗೆ ಎಷ್ಟು ಕಿಲೋ ಉಳಿಯುತ್ತೆ?" ಉತ್ತರ ಬರಹದಲ್ಲಿ ಬರಲಿ. ಸಾಲಲ್ಲ ಅಂತಾದರೆ ದೊಡ್ಡ ಆಕ್ಸಲ್ ಹಾಕಿಸೋಕೆ ಅದೇ ಸಮಯ. ಆಗಲೂ ನಿಮ್ಮ ಕಾರಿಗೆ ಅಷ್ಟು ಎಳೆಯುವ ತಾಕತ್ತು ಇದೆಯಾ ನೋಡಿಕೊಳ್ಳಿ.

ತೂಕ ಎಷ್ಟು ಅನ್ನುವುದರ ಜೊತೆ ಎಲ್ಲಿದೆ ಅನ್ನುವುದೂ ಮುಖ್ಯ. ಇಂಥ ಗಾಡಿಯ ಒಟ್ಟು ಭಾರದ ಶೇಕಡಾ 10ರಿಂದ 15 ಪಾಲು ಕಾರಿನ ಕೊಂಡಿಯ ಮೇಲೆ ಬೀಳಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಾಗ ಗಾಡಿ ಬಾಲ ಆಡಿಸೋಕೆ ಶುರುಮಾಡುತ್ತೆ. "ಹಿಂದೆ ಎರಡು ಸೈಕಲ್ ಇಡೋಕೆ ಸ್ಟ್ಯಾಂಡ್ ಮಾಡಿಕೊಡಿ", "ನೀರಿನ ಟ್ಯಾಂಕು ಹಿಂದಕ್ಕೆ ಸರಿಸಿ" ಅಂತ ಕೇಳಿದಾಗ ನಾವು ತಲೆ ಕೆರೆದುಕೊಳ್ಳುವುದು ಇದಕ್ಕೇ. ಆಕ್ಸಲಿನ ಹಿಂದೆ ಹಾಕಿದ ಭಾರ ಏತದ ಹಾಗೆ ಮುಂದಿನ ತುದಿಯನ್ನು ಮೇಲೆತ್ತುತ್ತೆ. ಕಾರ್ಖಾನೆ ಒಂದು ಬದಲಾವಣೆಗೆ ಬೇಡ ಅಂದಾಗ ಸೋಮಾರಿತನ ಅಂದುಕೊಳ್ಳುವ ಮುಂಚೆ ಕಾರಣ ಕೇಳಿ. ಕಾರಣ ಹೇಳದಿದ್ದರೆ ಸೋಮಾರಿತನವೇ ಇರಬಹುದು.

ಆಮೇಲೆ ಶುರುವಾಗುವುದು ಕಾಯುವ ಕಾಲ. ಹನ್ನೆರಡು ವಾರ ಅಂದಿದ್ದು ಹದಿನಾರಾಗುತ್ತೆ, ಇಪ್ಪತ್ತಾಗುತ್ತೆ. 2021ರಲ್ಲಿ ಕೋವಿಡ್ ದೆಸೆಯಿಂದ ಎಲ್ಲರಿಗೂ ಒಮ್ಮೆಲೇ ಇಂಥ ಗಾಡಿ ಬೇಕಾಯಿತು. ಅಮೆರಿಕದ ಕಾರ್ಖಾನೆಗಳಿಂದ ಆ ಒಂದೇ ವರ್ಷ, ಎಂಜಿನ್ ಇರುವ ಮನೆಗಾಡಿಗಳೂ ಸೇರಿ, ಸುಮಾರು 6 ಲಕ್ಷ ಗಾಡಿ ಹೊರಬಿದ್ದವು, ದಾಖಲೆ ಅದು. ಅದೇ ಹೊತ್ತಿಗೆ ಬಿಡಿಭಾಗಗಳಿಗೆ ಬರ. ಎಲ್ಲಾ ಮುಗಿದು ಒಂದು ಫ್ರಿಜ್ಜಿಗಾಗಿ ಗಾಡಿ ಅಂಗಳದಲ್ಲಿ ನಿಲ್ಲುವುದು ಅಂದರೆ ಏನು ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಈಗಲೂ ಒಂದು ಬಿಡಿಭಾಗ ಸಾಕು ಗಾಡಿಯನ್ನು ಹಿಡಿದು ನಿಲ್ಲಿಸೋಕೆ.

ಫ್ರಿಜ್ಜು ಅಂದಾಗ ನೆನಪಾಯಿತು. ಒಪ್ಪಂದದಲ್ಲಿ "ಸಿಗದಿದ್ದರೆ ಸಮನಾದ ಇನ್ನೊಂದನ್ನು ಹಾಕಲಾಗುವುದು" ಅಂತ ಒಂದು ಸಾಲು ಇರುತ್ತೆ. ಸಮ ಅಂತ ತೀರ್ಮಾನ ಮಾಡುವವರು ಯಾರು? ಗ್ಯಾಸಿನಲ್ಲೂ ನಡೆಯುವ ಫ್ರಿಜ್ಜಿನ ಬದಲು ಅಷ್ಟೇ ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜು ಹಾಕಿದರೆ ಖರೀದಿ ವಿಭಾಗಕ್ಕೆ ಅದು ಸಮವೇ. ಕರೆಂಟಿಲ್ಲದ ಕಾಡಂಚಿನಲ್ಲಿ ಮೂರು ದಿನ ಉಳಿಯುವವರಿಗೆ ಸಮ ಅಲ್ಲ, ರಾತ್ರಿಯಿಡೀ ಬ್ಯಾಟರಿ ತಿನ್ನುತ್ತೆ. ಆ ಸಾಲಿನ ಪಕ್ಕ "ಗಿರಾಕಿಯ ಲಿಖಿತ ಒಪ್ಪಿಗೆ ಪಡೆದು" ಅಂತ ನಾಲ್ಕು ಪದ ಸೇರಿಸಿಸಿ. ಮುಂಗಡದಲ್ಲಿ ಎಷ್ಟು ವಾಪಸ್ ಬರುತ್ತೆ, ನಡುವೆ ಬೆಲೆ ಏರಿಸಬಹುದಾ ಅನ್ನುವುದನ್ನೂ ಅಲ್ಲೇ ಓದಿಕೊಳ್ಳಿ.

ಕಾಯುವ ಕಾಲದಲ್ಲಿ ಗಿರಾಕಿಯನ್ನು ಸುಡುವುದು ತಡಕ್ಕಿಂತ ಮೌನ. ನಮ್ಮ ಕಡೆ ಯೋಚನೆ ಹೇಗಿರುತ್ತೆ ಅಂದರೆ, ಹೊಸ ವಿಷಯ ಇಲ್ಲ, ಫೋನು ಮಾಡಿ ಏನು ಹೇಳೋದು? ಆ ಕಡೆ ಕೂತವರಿಗೆ ಮೂರು ವಾರ ಸುದ್ದಿ ಇಲ್ಲ ಅಂದರೆ ದುಡ್ಡು ಮುಳುಗಿತು ಅಂತಲೇ ಲೆಕ್ಕ. ಒಂದು ವರ್ಷ ಬೈಗುಳ ತಿಂದು ಸಾಕಾಗಿ ನಾನು ಪ್ರತಿ ಶುಕ್ರವಾರ ಎಲ್ಲರಿಗೂ ಒಂದು ಸಾಲು ಕಳಿಸೋಕೆ ಶುರುಮಾಡಿದೆ. "ಈ ವಾರ ನಿಮ್ಮ ಗಾಡಿ ಮುಂದೆ ಹೋಗಿಲ್ಲ, ಬಾಗಿಲು ಬಂದಿಲ್ಲ." ಇಷ್ಟೇ. ಫೋನುಗಳು ಅರ್ಧಕ್ಕಿಳಿದವು. ಕೆಟ್ಟ ಸುದ್ದಿಗೆ ಥ್ಯಾಂಕ್ಸ್ ಹೇಳಿದವರೂ ಇದ್ದಾರೆ. ನಿಮ್ಮ ಕಾರ್ಖಾನೆ ಹೀಗೆ ಮಾಡದಿದ್ದರೆ ವಾರದ ಯಾವ ದಿನ ಸುದ್ದಿ ಕಳಿಸಬೇಕು ಅಂತ ಆರ್ಡರ್ ದಿನವೇ ಗೊತ್ತುಮಾಡಿಕೊಳ್ಳಿ. ಯಾರು ಕಳಿಸ್ತಾರೆ ಅಂತ ಹೆಸರೂ ಬರೆಸಿಕೊಳ್ಳಿ.

ನಿಮ್ಮ ಕಡೆಯಿಂದಲೂ ಸ್ವಲ್ಪ ಶಿಸ್ತು ಬೇಕು. ದಿನಕ್ಕೆ ಮೂರು ಮೇಲ್ ಹಾಕುವವರ ನಿಜವಾದ ಪ್ರಶ್ನೆ ಆ ರಾಶಿಯಲ್ಲೇ ಹೂತುಹೋಗುತ್ತೆ. ಪ್ರಶ್ನೆಗಳನ್ನು ಕೂಡಿಟ್ಟು, ನಂಬರ್ ಹಾಕಿ, ಒಂದೇ ಮೇಲ್‌ನಲ್ಲಿ ಕಳಿಸಿ. ಐದು ಕೇಳಿ ಮೂರಕ್ಕೆ ಉತ್ತರ ಬಂದರೆ "2 ಮತ್ತು 5 ಉಳಿದಿವೆ" ಅಂದರೆ ಸಾಕು. ಫೋನಿನಲ್ಲಿ ಮಾತಾಡಿದ ದಿನವೇ "ಇವತ್ತು ಹೀಗೆ ತೀರ್ಮಾನ ಆಯಿತು, ತಪ್ಪಿದ್ದರೆ ತಿಳಿಸಿ" ಅಂತ ಬರೆದು ಹಾಕಿ. ಸಿಟ್ಟು ಬಂದಾಗಲೂ ಇದೇ ಧಾಟಿ ಇರಲಿ. ರಾತ್ರಿ ಹನ್ನೊಂದಕ್ಕೆ ಬಂದ ಉದ್ದನೆಯ ಬೈಗುಳದ ಮೇಲ್ ಅನ್ನು ನಾವು ಓದ್ತೇವೆ, ಆದರೆ ಅದರಲ್ಲಿ ಏನು ಮಾಡಬೇಕು ಅಂತ ಹುಡುಕೋಕೆ ಮಾರನೇ ದಿನ ಮಧ್ಯಾಹ್ನ ಆಗುತ್ತೆ.

ಗೋಡೆ ಮುಚ್ಚುವ ಮೊದಲು ಫೋಟೋ ಕೇಳಿ. ವೈರು ಎಲ್ಲಿ ಹೋಗಿದೆ, ಪೈಪು ಎಲ್ಲಿ ತಿರುಗಿದೆ, ಚೌಕಟ್ಟಿನ ಕಂಬಿ ಎಲ್ಲಿದೆ ಅಂತ ಕಾಣುವ ಹಾಗೆ, ಟೇಪು ಹಿಡಿದು ತೆಗೆದದ್ದು. ಎರಡು ವರ್ಷ ಬಿಟ್ಟು ಒಂದು ಗೂಟ ಹೊಡೆಯಬೇಕು ಅನ್ನಿಸಿದಾಗ ಡ್ರಿಲ್ಲು ಎಲ್ಲಿಡಬೇಕು ಅಂತ ಹೇಳುವುದು ಈ ಫೋಟೋಗಳೇ. ತಪ್ಪೇನಾದರೂ ಆಗಿದ್ದರೆ ಆಗಲೇ ಕಣ್ಣಿಗೆ ಬೀಳುತ್ತೆ. ಆ ಕಿಟಕಿಯ ಫೋಟೋ ನಾನು ಅವತ್ತು ಕಳಿಸಿದ್ದಿದ್ದರೆ ಅವರು ಒಂದೇ ನೋಟಕ್ಕೆ ಹಿಡಿದುಬಿಡ್ತಿದ್ದರು.

ಗಾಡಿ ತಗೊಳ್ಳುವ ದಿನ ಗಡಿಬಿಡಿ ಬೇಡ, ಅರ್ಧ ದಿನ ಇಟ್ಟುಕೊಳ್ಳಿ. ನೀರು, ಕರೆಂಟು, ಗ್ಯಾಸು ಮೂರನ್ನೂ ಕೊಟ್ಟು ಎಲ್ಲಾ ಓಡಿಸಿ ನೋಡಿ. ಟ್ಯಾಂಕಿಗೆ ನೀರು ತುಂಬಿ ಪಂಪು ಹಾಕಿ. ಎಲ್ಲಾ ನಲ್ಲಿ ಬಂದ್ ಮಾಡಿ ಸುಮ್ಮನೆ ಕೂತು ಕೇಳಿ. ಒತ್ತಡ ತುಂಬಿದ ಮೇಲೆ ಪಂಪು ನಿಂತು, ನಿಂತೇ ಇರಬೇಕು. ಸ್ವಲ್ಪ ಹೊತ್ತಿಗೊಮ್ಮೆ ತಾನಾಗಿ ಗುರ್ ಅಂತ ಎದ್ದರೆ ಎಲ್ಲೋ ನೀರು ಸೋರ್ತಿದೆ, ಕಪಾಟಿನ ಹಿಂದೆ ಟಾರ್ಚ್ ಬಿಡಿ. ಟೈರಿನ ಪಕ್ಕದಲ್ಲಿ ಉದ್ದದ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರ್ತವೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು ಅಂತ. ಹೊಸ ಗಾಡಿಗೆ ಹಳೇ ಟೈರು ಬಂದಿಲ್ಲ ತಾನೆ ನೋಡಿ. ಉಳಿದ ಕೆಲಸಗಳ ಪಟ್ಟಿ ಮಾಡಿ, ಯಾರು, ಯಾವಾಗ ಮಾಡಿಕೊಡ್ತಾರೆ ಅಂತ ಬರೆಸಿ, ಇಬ್ಬರೂ ಸಹಿ ಹಾಕಿದ ಮೇಲೆ ಕೊನೆಯ ಕಂತು ಕೊಡಿ.

ಕಿಟಕಿಯವರ ಪಟ್ಟಿಯಲ್ಲಿ ಇದ್ದದ್ದು ಒಂದೇ ಐಟಂ. ಇನ್ನೊಂದು ಕಡೆಯೂ ಒಂದು ಕಿಟಕಿ ಕೊರೆದುಕೊಟ್ಟೆವು, ನಮ್ಮ ಖರ್ಚಿನಲ್ಲಿ. ಹಾಕಿದ ಕಿಟಕಿ ಮುಚ್ಚೋಣ ಅಂದರೆ ಅವರ ಹೆಂಡತಿ ಬಿಡಲಿಲ್ಲ.