ಅಪವರ್ತನ, ಅಪವರ್ತ್ಯ ಮತ್ತು 671121

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುವಾಗ, ಪ್ರತಿವರ್ಷವೂ ಅವರು ಎಡವುವುದು ಎರಡು ಪದಗಳಲ್ಲಿ: ಅಪವರ್ತನ, ಅಪವರ್ತ್ಯ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವುದು ಅದರ ಅಪವರ್ತನ. ಹಾಗೆ ಭಾಗವಾಗುವ ಸಂಖ್ಯೆ ಅಪವರ್ತ್ಯ. 11 ಎಂಬುದು 99ರ ಅಪವರ್ತನ, 99 ಎಂಬುದು 11ರ ಅಪವರ್ತ್ಯ. ನಮ್ಮ ಊರಿನಲ್ಲಿ ಇನ್ನೊಂದು ತೊಡಕೂ ಇದೆ. ಪಕ್ಕದ ಮಲಯಾಳ ತರಗತಿಯಲ್ಲಿ ಅಪವರ್ತನಕ್ಕೆ ‘ಘಟಕ’ ಎನ್ನುತ್ತಾರೆ. ಕನ್ನಡದ ಮಗುವಿಗೆ ಘಟಕವೆಂದರೆ ಪಾಠಪುಸ್ತಕದ ಒಂದು ಭಾಗ.

ಗೊಂದಲ ಬಿಡಿಸಲು ಕೊನೆಯ ‘ಯ’ ಒತ್ತನ್ನು ಹಿಡಿದುಕೊಂಡರೆ ಸಾಕು. ಪೂಜಿಸಿಕೊಳ್ಳಲು ತಕ್ಕವನು ಪೂಜ್ಯ, ಭಾಗಿಸಿಕೊಳ್ಳುವುದು ಭಾಜ್ಯ, ಹಾಗೆಯೇ ಅಪವರ್ತ್ಯ. ಭಾಸ್ಕರಾಚಾರ್ಯರ ಕಾಲದ ಗಣಿತದಲ್ಲಿಯೂ ಅಪವರ್ತನವೆಂದರೆ ಸಮಾನ ಭಾಜಕದಿಂದ ಭಾಗಿಸಿ ಸಂಖ್ಯೆಗಳನ್ನು ಚಿಕ್ಕದಾಗಿಸುವುದು.

ಈಗ ಒಂದು ದೊಡ್ಡ ಸಂಖ್ಯೆ ನೋಡೋಣ. ಕಾಸರಗೋಡು ಪ್ರಧಾನ ಅಂಚೆ ಕಚೇರಿಯ ಪಿನ್ 671121. ಲಕೋಟೆಯ ಮೇಲೆ ಎಷ್ಟೋ ಸಲ ಬರೆದಿದ್ದರೂ ಅದನ್ನು ಆರು ಲಕ್ಷದ ಎಪ್ಪತ್ತೊಂದು ಸಾವಿರದ ನೂರ ಇಪ್ಪತ್ತೊಂದು ಎಂದು ಓದಿದವರು ಕಡಿಮೆ. ಅಂಕಿಗಳನ್ನು ಕೂಡಿಸಿ: 6+7+1+1+2+1, ಒಟ್ಟು 18. ಆದ್ದರಿಂದ 9ರಿಂದ ಭಾಗವಾಗುತ್ತದೆ. ಈಗ ಒಂದು ಬಿಟ್ಟು ಒಂದು ಅಂಕಿ ಕೂಡಿಸಿ. 6, 1, 2 ಸೇರಿದರೆ 9. ಉಳಿದ 7, 1, 1 ಸೇರಿದರೂ 9! ಎರಡೂ ಮೊತ್ತ ಸಮವಾದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ. ಕಪ್ಪುಹಲಗೆಯ ಮೇಲೆ ಈ ಎರಡು 9 ಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ.

9 ಮತ್ತು 11ನ್ನು ತೆಗೆದರೆ ಉಳಿಯುವುದು 6779. ಇಲ್ಲಿ ತಾಳ್ಮೆ ಬೇಕು. 83ರ ವರ್ಗ 6889, ಅಂದರೆ 6779ನ್ನು ಮೀರಿದೆ; ಹಾಗಾಗಿ 79ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು 22 ಇವೆ. 7ರಿಂದ ಭಾಗಿಸಿದರೆ 3 ಉಳಿಯುತ್ತದೆ, 13ರಿಂದ 6, 47ರಿಂದ 11. ಯಾವುದರಿಂದಲೂ ಸರಿಯಾಗಿ ಭಾಗವಾಗುವುದಿಲ್ಲ. 6779 ಅವಿಭಾಜ್ಯ.

ಅಂದರೆ 671121 = 3 × 3 × 11 × 6779. ಇದೇ ಅದರ ಅವಿಭಾಜ್ಯ ಅಪವರ್ತನೀಕರಣ. ನೀವು 11ರಿಂದ ಶುರುಮಾಡಿ, ನಾನು 3ರಿಂದ ಶುರುಮಾಡುತ್ತೇನೆ. ಕೊನೆಗೆ ಇಬ್ಬರ ಪುಸ್ತಕದಲ್ಲೂ ಇವೇ ನಾಲ್ಕು ಸಂಖ್ಯೆಗಳಿರುತ್ತವೆ, ಬೇರೆ ಬರಲು ಸಾಧ್ಯವೇ ಇಲ್ಲ.

ಒಟ್ಟು ಅಪವರ್ತನಗಳೆಷ್ಟು ಎಂದು ತಿಳಿಯಲು ಒಂದೊಂದಾಗಿ ಹುಡುಕಬೇಕಾಗಿಲ್ಲ. 3ನ್ನು ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು: ಮೂರು ದಾರಿ. 11ಕ್ಕೆ ಎರಡು, 6779ಕ್ಕೆ ಎರಡು. 3 × 2 × 2, ಹನ್ನೆರಡು. ಪಕ್ಕದ ಕುಂಬಳೆಯ 671321 ಇಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು 3ಕ್ಕೂ 11ಕ್ಕೂ ಜಗ್ಗದೆ 7ಕ್ಕೆ ಮಣಿಯುತ್ತದೆ, ಭಾಗಲಬ್ಧ 95903.